ತಾಯಿ ಕಟ್ಟಿಕೊಡುವ ಖನಿಜದ ಬುತ್ತಿ

ಶಹಾಪುರ, ಸುರಪುರದ ಕಡೆ ಎಮ್ಮೆಯ ಹಾಲು ಬತ್ತಿಸಿದರೆ ಅದರ ಹಿಂಡಿ, ತೌಡೂ ಬಂದ್ ಆದಂತೆಯೇ. "ಹಾಲೇ ಕೊಡದ ಎಮ್ಮಿಗಿ ಹಿಂಡಿ ಯಾಕ್ರಿ?" ಅನ್ನುವ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಉತ್ತರ ಇರುವುದು ಎಮ್ಮೆಯ ಹೊಟ್ಟೆಯೊಳಗೆ. ಎಮ್ಮೆಯ ಗಬ್ಬ ಸುಮಾರು 310 ದಿನದ್ದು, ಆಕಳದ್ದು 280, ಕುರಿಯದು 150. ಒಳಗಿನ ಮರಿ ಮೈ ತುಂಬಿಕೊಳ್ಳುವುದು ಕೊನೆಗಾಲದಲ್ಲಿ. ಕುರಿಮರಿಯ ಹುಟ್ಟುತೂಕದ ಮೂರರಲ್ಲಿ ಎರಡು ಪಾಲು ಕೊನೆಯ ಆರು ವಾರಗಳಲ್ಲೇ ಸೇರುತ್ತದೆ. ಎಲುಬು ಗಟ್ಟಿಯಾಗುವುದು, ಲಿವರ್‌ನಲ್ಲಿ ತಾಮ್ರ, ಕಬ್ಬಿಣ ಕೂಡುವುದು ಹೆಚ್ಚಾಗಿ ಆಗಲೇ. ನಾವು ಹಿಂಡಿ ನಿಲ್ಲಿಸುವುದೂ ಸರಿಯಾಗಿ ಆಗಲೇ.

ಎಲ್ಲ ಖನಿಜಗಳೂ ತಾಯಿಯಿಂದ ಮರಿಗೆ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಇದು ತಿಳಿಯದೆ ಎಷ್ಟು ಟಾನಿಕ್ ಕುಡಿಸಿದರೂ ದುಡ್ಡು ದಂಡ.

ಕ್ಯಾಲ್ಸಿಯಂನದು ಒಂದು ದಾರಿ. ಮೇವಿನಲ್ಲಿ ಅದು ಕಡಿಮೆ ಬಿದ್ದರೆ ತಾಯಿ ತನ್ನ ಎಲುಬಿನಿಂದ ತೆಗೆದು ಹಾಲಿಗೆ ಹಾಕುತ್ತದೆ. ಅರೆಹೊಟ್ಟೆಯ ಎಮ್ಮೆಯ ಹಾಲಿನಲ್ಲೂ ಕ್ಯಾಲ್ಸಿಯಂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಡಿಮೆಯಾಗುವುದು ಹಾಲಿನ ಅಳತೆ, ಸವೆಯುವುದು ಎಮ್ಮೆ. ರಂಜಕವೂ ಹೀಗೆಯೇ. ಅದು ತೀರ ಕಡಿಮೆಯಾದ ದನ ಎಲುಬು, ಚಪ್ಪಲಿ, ಬಟ್ಟೆ ಅಗಿಯತೊಡಗುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ.

ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಇಲ್ಲಿನ ಬಣವೆಗಳೂ ಬದಲಾಗಿವೆ. ಜೋಳದ ಕಣಿಕೆ ಇದ್ದಲ್ಲಿ ಈಗ ಭತ್ತದ ಹುಲ್ಲು. ಭತ್ತದ ಹುಲ್ಲಿನಲ್ಲಿ ರಂಜಕ ತೀರ ಕಡಿಮೆ. ಇರುವ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ಅದರೊಳಗಿನ ಆಕ್ಸಲೇಟ್ ಕಟ್ಟಿಹಾಕುತ್ತದೆ. ತೊಗರಿ ಹೊಟ್ಟು, ಶೇಂಗಾ ಬಳ್ಳಿಯಲ್ಲಿ ಕ್ಯಾಲ್ಸಿಯಂ ಇದಕ್ಕಿಂತ ಬಹಳ ಹೆಚ್ಚು. ರಂಜಕ ಬೇಕೆಂದರೆ ತೌಡು ಮತ್ತು ಹಿಂಡಿ. ತೌಡಿನ ರಂಜಕ ಬಹುಪಾಲು ಕೋಳಿಗೆ ದಕ್ಕುವುದಿಲ್ಲ. ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುತ್ತವೆ. ತೊಗರಿ ಬೆಳೆಯುವ ನಾಡಿನಲ್ಲಿ ಗಬ್ಬದ ಎಮ್ಮೆಗೆ ಬರೀ ಭತ್ತದ ಹುಲ್ಲು ಹಾಕುವುದು ಬಡತನದಿಂದಲ್ಲ, ಅಭ್ಯಾಸದಿಂದ ಎಂದೇ ನನಗನ್ನಿಸುತ್ತದೆ.

ತಾಮ್ರದ ದಾರಿ ಬೇರೆ. ಹಾಲಿನಲ್ಲಿ ತಾಮ್ರ ಇಲ್ಲವೆನ್ನುವಷ್ಟು ಕಡಿಮೆ. ಈದ ಮೇಲೆ ತಾಯಿಗೆ ಎಷ್ಟು ತಿನ್ನಿಸಿದರೂ ಹಾಲಿನಲ್ಲಿ ಅದು ಹೆಚ್ಚುವುದಿಲ್ಲ. ಹಾಗಾಗಿ ಹುಟ್ಟುವ ಮೊದಲೇ ಮರಿಯ ಲಿವರ್‌ನಲ್ಲಿ ತಾಯಿ ಬುತ್ತಿ ಕಟ್ಟಿಟ್ಟಿರುತ್ತದೆ. ಮರಿ ಮೇವು ಕಚ್ಚುವ ತನಕ ಅದರಲ್ಲೇ ದಿನ ದೂಡಬೇಕು. ತಾಯಿಯಲ್ಲೇ ಇಲ್ಲದಿದ್ದರೆ ಬುತ್ತಿ ಬರಿದು.

ಆಗ ಏನಾಗುತ್ತದೆ ಎಂಬುದನ್ನು ಕುರಿಹಟ್ಟಿಯಲ್ಲಿ ನೋಡಬಹುದು. ಮರಿ ಚುರುಕಾಗಿರುತ್ತದೆ, ಮೊಲೆ ಚೆನ್ನಾಗಿ ಕುಡಿಯುತ್ತದೆ, ಜ್ವರ ಇಲ್ಲ. ಒಂದೆರಡು ತಿಂಗಳಾಗುವ ಹೊತ್ತಿಗೆ ಹಿಂಡು ಹೊಡೆದಾಗ ಹಿಂದೆ ಬೀಳತೊಡಗುತ್ತದೆ. ಹಿಂಗಾಲು ಅತ್ತಿತ್ತ ಓಲುತ್ತವೆ, ತಿರುಗುವಾಗ ಸೊಂಟ ಕುಸಿಯುತ್ತದೆ, ಕೊನೆಗೆ ನಾಯಿಯ ಹಾಗೆ ಕೂತುಬಿಡುತ್ತದೆ. ಬೆನ್ನುಹುರಿಯ ನರಗಳ ಮೇಲಿನ ಹೊದಿಕೆ ತಾಮ್ರವಿಲ್ಲದೆ ಸರಿಯಾಗಿ ಕಟ್ಟಿಕೊಳ್ಳದೆ ಹೋದದ್ದೇ ಇದಕ್ಕೆ ಕಾರಣ. ಕಾಲು ಸೋತ ಮರಿಗೆ ಆಮೇಲೆ ತಾಮ್ರ ಕೊಟ್ಟರೂ ಕೆಟ್ಟ ನರ ಮರಳುವುದಿಲ್ಲ. ಪೆಟ್ಟು ಬಿದ್ದು, ಕೀವು ಕಟ್ಟಿಯೂ ಕಾಲು ಸೋಲುವುದುಂಟು. ಒಂದೇ ಹಿಂಡಿನಲ್ಲಿ ನಾಲ್ಕಾರು ಮರಿಗಳು ಹೀಗಾದರೆ ಮಾತ್ರ ತಾಯಂದಿರ ಮೇವಿನ ಮೇಲೆ ಅನುಮಾನ ಪಡಬೇಕು.

ತಾಯಿಯ ಉಣ್ಣೆಯೂ ಸುಳಿವು ಕೊಡುತ್ತದೆ. ಕಪ್ಪು ಬಣ್ಣ ಮೂಡಲು ತಾಮ್ರ ಬೇಕು. ಕಂಬಳಿ ನೇಯುವ ಕರಿ ದಖನಿ ಕುರಿಯ ಉಣ್ಣೆ ತುಕ್ಕಿನ ಬಣ್ಣಕ್ಕೆ ತಿರುಗಿ, ಗುಂಗುರು ಬಿಟ್ಟು ನೆಟ್ಟಗಾದರೆ ಗಮನಿಸಿ. ಬಿಸಿಲಿಗೂ ಬಣ್ಣ ಮಾಸುತ್ತದೆ, ಆದ್ದರಿಂದ ಕೂದಲನ್ನು ಬುಡದ ತನಕ ಬಿಡಿಸಿ ನೋಡಬೇಕು. ಕಂದುಬಣ್ಣದ ಕೆಂಗುರಿಯಲ್ಲಿ ಇದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಮೇವಿನಲ್ಲಿ ತಾಮ್ರ ಇದ್ದರೂ ದಕ್ಕದೇ ಹೋಗಬಹುದು. ಕ್ಷಾರ ಹೆಚ್ಚಿರುವ, ನೀರು ನಿಲ್ಲುವ ಎರೆಭೂಮಿಯಲ್ಲಿ ಮಾಲಿಬ್ಡಿನಂ ಎಂಬ ಖನಿಜ ಗಿಡಕ್ಕೆ ಸಲೀಸಾಗಿ ಏರುತ್ತದೆ. ಪ್ರಾಣಿಯ ಹೊಟ್ಟೆಯಲ್ಲಿ ಅದು ಗಂಧಕದ ಜೊತೆ ಸೇರಿ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲುವೆ ಬದಿಯ ಹಸಿರು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಇಲ್ಲೊಂದು ಎಚ್ಚರಿಕೆ. ತಾಮ್ರ ಕಡಿಮೆಯಾದರೆ ಮರಿ ಹೋಗುತ್ತದೆ, ಹೆಚ್ಚಾದರೆ ಕುರಿಯೇ ಹೋಗುತ್ತದೆ. ಹೆಚ್ಚಿನ ತಾಮ್ರವನ್ನು ಹೊರಹಾಕುವ ಶಕ್ತಿ ದನಕ್ಕಿರುವಷ್ಟು ಕುರಿಗಿಲ್ಲ. ಅದು ಲಿವರ್‌ನಲ್ಲಿ ತುಂಬುತ್ತಾ ಹೋಗಿ ಒಂದು ದಿನ ರಕ್ತಕ್ಕೆ ಸುರಿಯುತ್ತದೆ. ಮೂತ್ರ ಕೆಂಪಾಗಿ ಕುರಿ ಒಂದೆರಡು ದಿನದಲ್ಲಿ ಸಾಯುತ್ತದೆ. ದನದ ಖನಿಜ ಪುಡಿಯನ್ನು ಕುರಿಗೆ ಹಾಕಬೇಡಿ. ಕುರಿಯದೆಂದೇ ಬರೆದಿರುವ ಪೊಟ್ಟಣ ಕೇಳಿ ತನ್ನಿ.

ಕಬ್ಬಿಣವೂ ಹಾಲಿನಲ್ಲಿ ಕಡಿಮೆಯೇ. ಕರು, ಕುರಿಮರಿ ಬೇಗ ಹುಲ್ಲು ಕಚ್ಚುವುದರಿಂದ ಹೇಗೋ ಸುಧಾರಿಸುತ್ತವೆ. ಸಿಮೆಂಟು ನೆಲದ ಮೇಲೆ ಬೆಳೆಯುವ ಹಂದಿಮರಿಗೆ ಆ ಅನುಕೂಲ ಇಲ್ಲ. ಅದಕ್ಕೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕು, ಹಾಲಿನಲ್ಲಿ ಸಿಗುವುದು 1. ಮೊದಲ ವಾರದಲ್ಲೇ ಕಬ್ಬಿಣದ ಇಂಜೆಕ್ಷನ್ ಕೊಡಿಸುವುದು ಇದಕ್ಕೇ.

ಅಯೋಡಿನ್ ತಾಯಿಯ ಊಟವನ್ನೇ ಹಿಂಬಾಲಿಸುತ್ತದೆ. ಅದು ಗರ್ಭದಲ್ಲೂ ಮರಿಗೆ ಹೋಗುತ್ತದೆ, ಹಾಲಿನಲ್ಲೂ ಹೋಗುತ್ತದೆ. ತಾಯಿ ಇಂದು ತಿಂದದ್ದು ಕೆಲವೇ ದಿನಗಳಲ್ಲಿ ಹಾಲಿಗೆ ಬರುತ್ತದೆ. ಕೊರತೆ ಆಡಿನಲ್ಲಿ ಬೇಗ ಕಾಣುತ್ತದೆ: ಕೂದಲಿಲ್ಲದ, ಕತ್ತಿನಲ್ಲಿ ಗಂಟಿರುವ, ನಿಲ್ಲಲಾರದ ಮರಿ. ದವಡೆಯ ಕೆಳಗೆ ನೀರು ತುಂಬಿ ಜೋತುಬೀಳುವ ಬಾವು ಬೇರೆ, ಅದು ಹೆಚ್ಚಾಗಿ ಜಂತಿನದು. ಎಳೆ ಜೋಳದಲ್ಲಿ ವಿಷವಿರುತ್ತದೆ ಎಂಬುದು ಇಲ್ಲಿನ ರೈತರಿಗೆ ಹೊಸದಲ್ಲ. ಕೊಲ್ಲುವಷ್ಟಿಲ್ಲದ ಆ ಸೈನೈಡನ್ನು ದೇಹ ಥಯೋಸಯನೇಟ್ ಆಗಿ ಬದಲಿಸುತ್ತದೆ. ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ಅಡ್ಡಗಟ್ಟುತ್ತದೆ. ಕೂಳೆ ಜೋಳದಲ್ಲಿ ಗಬ್ಬದ ಆಡು ಮೇಯಿಸಬಾರದೆನ್ನಲು ಇದೂ ಒಂದು ಕಾರಣ.

ತಾಯಿ ಅಡ್ಡಗೋಡೆಯಾಗಿ ನಿಲ್ಲುವುದೂ ಉಂಟು. ಯಾದಗಿರಿ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಆ ನೀರು ಕುಡಿದ ಆಕಳು ಅದನ್ನು ತನ್ನ ಎಲುಬಿನಲ್ಲಿ ಇಟ್ಟುಕೊಳ್ಳುತ್ತದೆ, ಹಾಲಿಗೆ ಬಹಳ ಕಡಿಮೆ ಬಿಡುತ್ತದೆ. ಹಾಲು ಬಿಟ್ಟ ಕರು ಅದೇ ತೊಟ್ಟಿಯ ನೀರು ಕುಡಿಯತೊಡಗಿದಾಗ ಅದರ ಬರುವ ಹಲ್ಲುಗಳು ಕಂದುಗಟ್ಟುತ್ತವೆ. ಎಳೆಗರುವಿಗಾದರೂ ಕಾಲುವೆ ನೀರೋ ಶೇಖರಿಸಿದ ಮಳೆನೀರೋ ಸಿಗುವುದಾದರೆ ಒಳ್ಳೆಯದು.

ಹಾಗಾದರೆ ಕೊಡುವುದು ಹೇಗೆ? ಈಯುವ ಎರಡು ತಿಂಗಳು ಮೊದಲು ಎಮ್ಮೆ, ಆಕಳಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಸಾಕು; ಕುರಿ, ಆಡಿಗೆ ತಮ್ಮದೇ ಮಿಶ್ರಣ 5ರಿಂದ 10 ಗ್ರಾಂ. ಬಾಟಲಿಗಟ್ಟಲೆ ಕ್ಯಾಲ್ಸಿಯಂ ಟಾನಿಕ್ ಕುಡಿಸುವವರಿದ್ದಾರೆ. ಹೆಚ್ಚು ಹಾಲಿನ ಮಿಶ್ರತಳಿ ಹಸುವಿಗೆ ಈಯುವ ಮುಂಚಿನ ಎರಡು ಮೂರು ವಾರ ಅದು ತಿರುಗುಬಾಣ. ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸವೇ ಹಸುವಿಗೆ ತಪ್ಪಿ, ಈದೊಡನೆ ಹಾಲುಜ್ವರ ಬಂದು ಮಲಗುತ್ತದೆ.

ಗಿಣ್ಣದ ಹಾಲಿನಲ್ಲಿ ಖನಿಜಾಂಶ ಆಮೇಲಿನ ಹಾಲಿಗಿಂತ ಬಹಳ ಹೆಚ್ಚು. ಓಣಿಗೆಲ್ಲ ಗಿಣ್ಣ ಹಂಚುವ ಸಂಭ್ರಮ ಇರಲಿ, ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಅದಕ್ಕೆ ಹೊಟ್ಟೆ ತುಂಬ ಕುಡಿಸಿ ಆದಮೇಲೆ.

ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಆಯಾ ಸೀಮೆಯ ಮಣ್ಣು, ಮೇವಿನ ಕೊರತೆ ನೋಡಿ ಪ್ರದೇಶವಾರು ಮಿಶ್ರಣಗಳನ್ನು ರೂಪಿಸಿದೆ. ನಿಮ್ಮೂರಿಗೆ ಯಾವುದು ಸೂಕ್ತ ಎಂದು ಪಶು ಆಸ್ಪತ್ರೆಯಲ್ಲೋ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಪುಡಿಯನ್ನು ನೆನೆಸಿದ ಹಿಂಡಿಯಲ್ಲಿ ಕಲಸಿ ಕೊಡಿ. ಒಣ ಹೊಟ್ಟಿನ ಮೇಲೆ ಉದುರಿಸಿದರೆ ಗೋದಲಿಯ ತಳದಲ್ಲೇ ಉಳಿಯುತ್ತದೆ. ಪೊಟ್ಟಣದ ಬಾಯಿ ಬಿಗಿಯಾಗಿ ಕಟ್ಟಿ, ತೇವ ತಾಗದ ಕಡೆ ಇಡಿ. ಬಾಯಿ ಬಿಟ್ಟ ಪೊಟ್ಟಣದಲ್ಲಿ ಮೊದಲು ಕಡಿಮೆಯಾಗುವುದು ಅಯೋಡಿನ್.