ಗಾಲಿ ಬದಲಾದಾಗ ಹೊತ್ತುವ ದೀಪ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಕಾರುಗಳು ಚಳಿಗಾಲದ ಟೈರುಗಳ ಮೇಲೆಯೇ ಓಡಬೇಕೆಂದು ಕಾನೂನಿದೆ. ಚಳಿ ಹೆಚ್ಚಿದಂತೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗಿ ಹಿಮದ ಮೇಲೆ ಹಿಡಿತ ತಪ್ಪುತ್ತದೆ. ಚಳಿಗಾಲದ ಟೈರಿನ ರಬ್ಬರಾದರೋ ಕೊರೆಯುವ ಶೈತ್ಯದಲ್ಲಿಯೂ ಮೆತ್ತಗೆ ಉಳಿಯುವಂತೆ ತಯಾರಾದುದು. ವರ್ಷಕ್ಕೆರಡು ಸಲ ರಿಮ್ಮಿನಿಂದ ಟೈರನ್ನು ಕಿತ್ತು ಇನ್ನೊಂದನ್ನು ತೊಡಿಸುವುದು ಶ್ರಮದ ಕೆಲಸ. ಟೈರಿನ ಅಂಚಿಗೂ ಅದು ಒಳ್ಳೆಯದಲ್ಲ. ಆದುದರಿಂದ ಅಲ್ಲಿ ಅನೇಕರು ರಿಮ್ಮುಸಹಿತವಾದ ನಾಲ್ಕು ಗಾಲಿಗಳ ಇನ್ನೊಂದು ಸೆಟ್ಟನ್ನೇ ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ. ಚಳಿಗಾಲ ಸಮೀಪಿಸಿತೆಂದರೆ ನಟ್ಟುಗಳನ್ನು ಬಿಚ್ಚಿ ಗಾಲಿಗಳನ್ನು ಬದಲಾಯಿಸಿದರಾಯಿತು.

ಆದರೆ ಹಾಗೆ ಬದಲಾಯಿಸಿ ಹೊರಟ ಕಾರಿನಲ್ಲಿ, ಚಾಲಕನ ಕಣ್ಣೆದುರಿಗೆ, ಹಳದಿಯ ಬಣ್ಣದ ಒಂದು ಪುಟ್ಟ ದೀಪ ಹೊತ್ತಿಕೊಳ್ಳುವುದುಂಟು. ಕುದುರೆಲಾಳದಂಥ ಆಕೃತಿ, ಅದರ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬುದು ಅದರ ಅರ್ಥವೆಂದು ಎಲ್ಲರೂ ಬಲ್ಲರು. ಈಗ ತಾನೆ ಗಾಳಿ ತುಂಬಿದ ಗಾಲಿಗಳಿಗೆ ಈ ಎಚ್ಚರಿಕೆ ಏಕೆ?

ಮೊದಲು ಈ ದೀಪ ಬಂದ ಬಗೆಯನ್ನು ನೋಡೋಣ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಅದರ ಪಕ್ಕೆಗಳು ಮಿತಿಮೀರಿ ಬಳುಕುತ್ತವೆ, ಬಳುಕಿದಂತೆಲ್ಲ ಕಾಯುತ್ತವೆ, ಕಾದ ಟೈರಿನ ಪದರಗಳು ವೇಗದ ಓಟದಲ್ಲಿ ಬೇರ್ಪಡಬಹುದು. ೧೯೯೦ರ ದಶಕದ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ತೊಡಿಸಿದ್ದ ಫೈರ್‌ಸ್ಟೋನ್ ಟೈರುಗಳು ಹೀಗೆ ಪದರ ಕಳಚಿ, ವಾಹನಗಳು ಮಗುಚಿ, ಒಟ್ಟು ೨೫೦ಕ್ಕೂ ಹೆಚ್ಚು ಜನ ಮಡಿದರು. ಆ ಟೈರುಗಳಲ್ಲಿ ಬೇರೆ ದೋಷಗಳೂ ಇದ್ದುವು. ಆದರೆ ಕಡಿಮೆ ಗಾಳಿ ಕೇಡನ್ನು ಹೆಚ್ಚಿಸಿತು. ೨೦೦೦ದಲ್ಲಿ ಅಲ್ಲಿನ ಶಾಸನಸಭೆ ಇದಕ್ಕಾಗಿ ಕಾನೂನು ಮಾಡಿತು. ಅದರ ಫಲವಾಗಿ ೨೦೦೭ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಹಗುರ ವಾಹನಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ಐರೋಪ್ಯ ಒಕ್ಕೂಟ ೨೦೧೪ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದನ್ನು ವಿಧಿಸಿತು. ಕೆನಡಾದಲ್ಲಿ ಇಂಥ ಕಡ್ಡಾಯವಿಲ್ಲದಿದ್ದರೂ ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಮಾದರಿಗಳೇ ಅಲ್ಲಿಯೂ ಓಡುವುದರಿಂದ ದೀಪವೂ ಜೊತೆಗೆ ಬಂದಿದೆ.

ಈ ದೀಪ ಎರಡು ಬಗೆಯಾಗಿ ಮಾತನಾಡುತ್ತದೆ. ಕಾರನ್ನು ಚಾಲೂ ಮಾಡಿದ ಮೇಲೂ ಆರದೆ ಸ್ಥಿರವಾಗಿ ಉರಿದರೆ, ಯಾವುದೋ ಟೈರಿನಲ್ಲಿ ನಿಜವಾಗಿಯೂ ಗಾಳಿ ಕಡಿಮೆ. ಒಂದು ಒಂದೂವರೆ ನಿಮಿಷ ಮಿನುಗಿ ಆಮೇಲೆ ಸ್ಥಿರವಾದರೆ, ಗಾಲಿಗಳಿಂದ ತನಗೆ ವರ್ತಮಾನವೇ ಬರುತ್ತಿಲ್ಲವೆಂದು ಯಂತ್ರ ಹೇಳುತ್ತಿದೆ. ಮೊದಲನೆಯದು ಗಾಳಿಯ ಮಾತು, ಎರಡನೆಯದು ಗುರುತಿನ ಮಾತು. ಗಾಲಿ ಬದಲಾಯಿಸಿದವನಿಗೆ ಎರಡೂ ಎದುರಾಗಬಹುದು. ಒಂದನ್ನು ಇನ್ನೊಂದೆಂದು ಭ್ರಮಿಸಿದರೆ ಅಪಾಯ.

ಮೊದಲು ಗಾಳಿಯ ಮಾತು. ಹವೆ ೨೦° ಸೆಂಟಿಗ್ರೇಡ್ ಇರುವ ಬೆಚ್ಚನೆಯ ಗ್ಯಾರೇಜಿನಲ್ಲಿ ಟೈರಿಗೆ ೩೩ ಪೌಂಡು ಗಾಳಿ ತುಂಬಿದೆವೆನ್ನೋಣ. ಎಂದರೆ ಚದರ ಅಂಗುಲಕ್ಕೆ ೩೩ ಪೌಂಡು. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆಂಬುದನ್ನು ವಿದ್ಯಾರ್ಥಿಗಳು ಕಲಿತಿರುತ್ತಾರೆ. ಇಲ್ಲಿ ಎಡವುವ ಒಂದು ಸ್ಥಳವುಂಟು. ಮಾಪಕ ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಹೆಚ್ಚಾಗಿರುವ ಒತ್ತಡವನ್ನು ಮಾತ್ರ. ಲೆಕ್ಕಕ್ಕೆ ವಾಯುಮಂಡಲದ ೧೪.೭ ಪೌಂಡನ್ನೂ ಸೇರಿಸಬೇಕು. ಆಗ ಒಟ್ಟು ಒತ್ತಡ ೪೭.೭. ಹೊರಗೆ −೧೦° ಇದ್ದರೆ, ೪೭.೭ನ್ನು ೨೬೩ರಿಂದ ಗುಣಿಸಿ ೨೯೩ರಿಂದ ಭಾಗಿಸಬೇಕು. ಬರುವುದು ೪೨.೮, ಮಾಪಕದಲ್ಲಿ ಕಾಣುವುದು ೨೮.೧. ಒಂದು ಬಿಂದುವಷ್ಟು ಗಾಳಿಯೂ ಸೋರಿಲ್ಲ, ಆದರೂ ಐದು ಪೌಂಡು ಇಳಿದುಹೋಯಿತು! −೩೦°ರ ಮುಂಜಾನೆ ಅದು ೨೪.೯ಕ್ಕೆ ಬರುತ್ತದೆ. ನಿಗದಿಯಾದ ಒತ್ತಡಕ್ಕಿಂತ ಕಾಲುಭಾಗ ಕಡಿಮೆಯಾದರೆ ದೀಪ ಹೊತ್ತಲೇಬೇಕೆಂದು ಅಮೆರಿಕದ ನಿಯಮ; ೩೩ರಲ್ಲಿ ಕಾಲುಭಾಗ ಕಳೆದರೆ ಉಳಿಯುವುದು ೨೪.೭೫. ದೀಪ ಹೊತ್ತುವ ಅಂಚಿಗೇ ಬಂದು ನಿಂತಂತಾಯಿತು. ಟೈರು ತಿಂಗಳು ತಿಂಗಳೂ ತಾನಾಗಿ ಸ್ವಲ್ಪ ಗಾಳಿಯನ್ನು ಬಿಡುತ್ತದೆ. ಮೂಲೆಯಲ್ಲಿ ಎಂಟು ತಿಂಗಳು ಬಿದ್ದಿದ್ದ ಗಾಲಿಯನ್ನು ಹಾಗೆಯೇ ಹಾಕಿದರಂತೂ ಕೇಳುವುದೇ ಬೇಡ. ಟೈರು ತಣ್ಣಗಿರುವಾಗ, ಓಡಿಸುವುದಕ್ಕೆ ಮೊದಲು, ಹೊರಗಿನ ಚಳಿಯಲ್ಲಿಯೇ ಗಾಳಿಯನ್ನು ಅಳೆದು ತುಂಬುವುದೇ ಇದಕ್ಕೆ ಪರಿಹಾರ.

ಗುರುತಿನ ಮಾತು ಇನ್ನೂ ಸ್ವಾರಸ್ಯವಾದುದು. ಹೆಚ್ಚಿನ ಕಾರುಗಳಲ್ಲಿ ಪ್ರತಿ ಗಾಲಿಯ ಒಳಗೆ, ವಾಲ್ವಿನ ಬುಡದಲ್ಲಿ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸಂವೇದಕವೊಂದು ಇರುತ್ತದೆ. ಅದರೊಳಗೆ ಒತ್ತಡವನ್ನೂ ಉಷ್ಣತೆಯನ್ನೂ ಅಳೆಯುವ ಸಿಲಿಕಾನ್ ಚಿಪ್ಪು, ಒಂದು ಪುಟ್ಟ ಬ್ಯಾಟರಿ, ಒಂದು ರೇಡಿಯೊ ಪ್ರೇಷಕ. ಗಾಲಿ ನಿಂತಿರುವಾಗ ಅದು ಬಹುಮಟ್ಟಿಗೆ ನಿದ್ರಿಸುತ್ತದೆ. ಉರುಳತೊಡಗಿದೊಡನೆ ಎಚ್ಚೆತ್ತು ತನ್ನ ಅಳತೆಗಳನ್ನು ಆಗಾಗ್ಗೆ ಪ್ರಸಾರಮಾಡುತ್ತದೆ. ಪಕ್ಕದಲ್ಲಿ ಹೋಗುವ ಕಾರಿನ ಗಾಲಿಗಳೂ ಹೀಗೆಯೇ ಕೂಗಿಕೊಳ್ಳುತ್ತಿರುವುದರಿಂದ, ಪ್ರತಿಯೊಂದು ಸಂವೇದಕವೂ ತನ್ನದೇ ಆದ ಸಂಖ್ಯೆಯನ್ನು ಜೊತೆಗೆ ಹೇಳುತ್ತದೆ. ಕಾರಿನ ಗಣಕ ತನ್ನ ಪಟ್ಟಿಯಲ್ಲಿರುವ ನಾಲ್ಕು ಸಂಖ್ಯೆಗಳಿಗೆ ಮಾತ್ರ ಕಿವಿಗೊಡುತ್ತದೆ. ಹೊಸ ಗಾಲಿಗಳ ಸಂವೇದಕಗಳು ಎಷ್ಟು ಸರಿಯಾಗಿ ನುಡಿದರೂ ಅದರ ಪಾಲಿಗೆ ಅಪರಿಚಿತರು. ಹಾಜರಿ ಕರೆದಾಗ ತಮ್ಮವರು ಯಾರೂ ಓಗೊಡದಿದ್ದರೆ ದೀಪ ಮಿನುಗುತ್ತದೆ.

ಆದುದರಿಂದ ಕಾರಿಗೆ ಹೊಸಬರ ಪರಿಚಯ ಮಾಡಿಕೊಡಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿತುಕೊಳ್ಳುತ್ತವೆ. ಕೆಲವನ್ನು ಕಲಿಯುವ ಸ್ಥಿತಿಗೆ ತಂದು, ಮುಂದಿನ ಎಡಗಾಲಿಯಿಂದ ಆರಂಭಿಸಿ ಒಂದೊಂದು ವಾಲ್ವಿನ ಬಳಿಯೂ ಸಣ್ಣ ಉಪಕರಣವೊಂದನ್ನು ಹಿಡಿದು ಸಂವೇದಕವನ್ನು ಎಬ್ಬಿಸಬೇಕು. ಇನ್ನು ಕೆಲವಕ್ಕೆ ಕಾರ್ಯಾಗಾರದ ಯಂತ್ರದಿಂದಲೇ ಸಂಖ್ಯೆಗಳನ್ನು ಬರೆಯಿಸಬೇಕು. ಹಳೆಯ ಸಂವೇದಕದ ಸಂಖ್ಯೆಯನ್ನೇ ಹೊಸದಕ್ಕೆ ನಕಲು ಮಾಡುವ ಉಪಾಯವೂ ಉಂಟು. ಆಗ ಗಾಲಿ ಬದಲಾದುದೇ ಕಾರಿಗೆ ತಿಳಿಯದು. ಕೊಳ್ಳುವಾಗ ರೇಡಿಯೊ ಆವರ್ತವನ್ನು ಗಮನಿಸತಕ್ಕದ್ದು. ೩೧೫ ಮೆಗಾಹರ್ಟ್ಸನ್ನು ಆಲಿಸುವ ಕಾರಿಗೆ ೪೩೩ರ ಸಂವೇದಕವನ್ನು ಹಾಕಿದರೆ ಅದು ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆಯೇ.

ಸಂವೇದಕವೇ ಇಲ್ಲದ ಪದ್ಧತಿಯೂ ಒಂದಿದೆ. ಗಾಳಿ ಇಳಿದ ಟೈರಿನ ಪರಿಣಾಮಕಾರಿ ತ್ರಿಜ್ಯ ಅತ್ಯಲ್ಪವಾಗಿ ಕುಗ್ಗುವುದರಿಂದ ಅದು ಉಳಿದವುಗಳಿಗಿಂತ ತುಸು ಹೆಚ್ಚು ಸುತ್ತುತ್ತದೆ. ಬ್ರೇಕಿನ ವ್ಯವಸ್ಥೆಗಾಗಿ ಇರುವ ವೇಗಮಾಪಕಗಳಿಂದಲೇ ಇದನ್ನು ಗುರುತಿಸಬಹುದು. ಇಂಥ ಕಾರಿನಲ್ಲಿ ಗಾಲಿ ಬದಲಾಯಿಸಿದ ಮೇಲೆ ಮೊದಲು ಸರಿಯಾದ ಗಾಳಿ ತುಂಬಿ, ಅನಂತರ ಗುಂಡಿಯನ್ನೊತ್ತಿ ಹೊಸ ಅಳತೆಯನ್ನು ಕಲಿಸಬೇಕು. ಈ ಕ್ರಮ ತಿರುವುಮುರುವಾದರೆ ಯಂತ್ರ ತಪ್ಪು ಒತ್ತಡವನ್ನೇ ಸರಿಯೆಂದು ಕಲಿತು ಸುಮ್ಮನಿದ್ದುಬಿಡುತ್ತದೆ.

ಹಣ ಉಳಿಸಲು ಸಂವೇದಕವಿಲ್ಲದ ಗಾಲಿಗಳನ್ನು ಹಾಕಿಕೊಂಡು, ದೀಪದ ಕಾಟ ತಾಳದೆ ಅದರ ಮೇಲೆ ಕಪ್ಪು ಪಟ್ಟಿ ಅಂಟಿಸುವವರಿದ್ದಾರೆ. ಇನ್ನೂ ಜಾಣರು ನಾಲ್ಕೂ ಸಂವೇದಕಗಳನ್ನು ಮುಚ್ಚಿದ ಕೊಳವೆಯೊಂದರಲ್ಲಿ ಹಾಕಿ, ಅದಕ್ಕೆ ಗಾಳಿ ತುಂಬಿ, ಕಾರಿನ ಹಿಂಭಾಗದಲ್ಲಿ ಇಡುತ್ತಾರೆ. ದೀಪವೇನೋ ಆರುತ್ತದೆ. ಆದರೆ ಕಾರು ಈಗ ಕಾಯುತ್ತಿರುವುದು ಕೊಳವೆಯ ಆರೋಗ್ಯವನ್ನು! ದೀಪ ಇಡೀ ಚಳಿಗಾಲ ಉರಿಯುತ್ತಿದ್ದರೂ ಕೇಡು ಅಷ್ಟೇ: ಮೊಳೆ ಚುಚ್ಚಿದ ದಿನ ಹೊಸದಾಗಿ ಹೊತ್ತುವುದಕ್ಕೆ ಅದಕ್ಕೆ ಎಡೆಯೇ ಇರುವುದಿಲ್ಲ.

ನಮ್ಮ ನಾಡಿನಲ್ಲಿ ಚಳಿಗಾಲದ ಗಾಲಿಗಳ ಅಗತ್ಯವಿಲ್ಲ. ಆದರೂ ಈ ದೀಪ ನಮಗೂ ಪರಿಚಿತವಾಗುತ್ತಿದೆ. ಒತ್ತಡವನ್ನು ಗಮನಿಸುವ ಈ ವ್ಯವಸ್ಥೆಯೂ ಟೈರು ದುರಸ್ತಿಯ ಸಾಮಗ್ರಿಯೂ ಇರುವ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲವೆಂದು ೨೦೨೦ರಲ್ಲಿ ಭಾರತದ ನಿಯಮಗಳಿಗೆ ತಿದ್ದುಪಡಿಯಾಯಿತು. ಸ್ಟೆಪ್ನಿ ಇರುವ ಅನೇಕ ಕಾರುಗಳಲ್ಲಿ ಆ ಐದನೆಯ ಗಾಲಿಗೆ ಸಂವೇದಕವಿರುವುದಿಲ್ಲ. ಪಂಕ್ಚರಾಗಿ ಅದನ್ನು ಹಾಕಿಕೊಂಡ ಮೇಲೆ ದೀಪ ಮಿನುಗಿದರೆ ಕಾರಣ ಕ್ವಿಬೆಕ್ಕಿನದೇ. ಮೂಲದ ಗಾಲಿ ಮರಳುವವರೆಗೆ ಆ ಒಂದು ಟೈರಿನ ಗಾಳಿಯನ್ನು ಕೈಮಾಪಕದಿಂದಲೇ ನೋಡಿಕೊಳ್ಳಬೇಕು. ಪಂಕ್ಚರು ತಿದ್ದುವವನಿಗೆ ವಾಲ್ವಿನ ಬುಡದಲ್ಲಿ ಸಂವೇದಕವಿದೆಯೆಂದು ಮೊದಲೇ ತಿಳಿಸಬೇಕು, ಏಕೆಂದರೆ ಟೈರು ಎಬ್ಬುವ ಕಬ್ಬಿಣದ ಪಟ್ಟಿ ಅದಕ್ಕೆ ತಗುಲಿದರೆ ಒಡೆದೇಹೋಗುತ್ತದೆ.