ಅತಿಥಿಗಳು ಬೇಲಿಯಾಚೆಯೇ ಇದ್ದಾರೆ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟರೆ ಊರು ದಾಟುವ ಮುಂಚೆಯೇ ಎಲೆತೋಟ ಸಿಗುತ್ತದೆ. ಹೆಸರು ಮಾತ್ರ ಸಲೀಸಾಗಿ ಸಿಗುತ್ತದೆ, ತೋಟವನ್ನು ಹುಡುಕಿಕೊಳ್ಳಬೇಕು. ಒಂದು ಕಾಲಕ್ಕೆ ಮೈಸೂರು ಚಿಗುರೆಲೆಯ ಬಳ್ಳಿಗಳು ಹಬ್ಬಿದ್ದ ನೆಲದಲ್ಲಿ ಈಗ ಮನೆಗಳು ಎದ್ದಿವೆ, ನಡುನಡುವೆ ತೋಟದ ತುಂಡುಗಳು ಉಳಿದುಕೊಂಡಿವೆ. ಅಲ್ಲಿಂದ ಬಂಡಿಪಾಳ್ಯದ ಎಪಿಎಂಸಿ, ಮಂಡಕಳ್ಳಿಯ ವಿಮಾನ ನಿಲ್ದಾಣ, ಕಡಕೊಳ, ಆಮೇಲೆ ತಾಂಡವಪುರ. ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಮಾನ್ಯತೆ ಇದೆ. ಮೂರೂ ಹೆಚ್ಚುಕಡಿಮೆ ಈ ರಸ್ತೆಯ ಆಸುಪಾಸಿನ ಮಣ್ಣಿನವು. ಇಂಥ ದಾರಿಯಲ್ಲಿ ಕಾರ್ಖಾನೆಗಳ ಹೆಸರು ಓದುತ್ತಾ ಹೋಗುವುದೇ ಈಗ ನಮ್ಮ ಅಭ್ಯಾಸವಾಗಿದೆ.

ಈ ಕಡೆ ಮನೆ ಕಟ್ಟಿಕೊಂಡಿರುವ ಸ್ನೇಹಿತರೊಬ್ಬರಿಗೆ ಗಾರ್ಡನ್ ಕ್ಲಬ್ ಕಟ್ಟುವ ಆಸೆ. ತಿಂಗಳಿಗೊಂದು ಸಭೆ, ಸಭೆಗೊಬ್ಬ ಅತಿಥಿ, ಕೊನೆಗೆ ಕಾಫಿ. "ಸ್ಪೀಕರ್ ಯಾರನ್ನ ಕರೆಸೋದು? ಬೆಂಗಳೂರಿಂದ ಯಾರಾದ್ರೂ ಬರ್ತಾರಾ?" ಅಂತ ಕೇಳಿದ್ದರು. ಬೆಂಗಳೂರೇ ಏಕೆ ಎಂದು ನೋಡೋಣವೆಂದು ಈ ತಿರುಗಾಟಕ್ಕೆ ಹೊರಟೆ.

ತಾಂಡವಪುರಕ್ಕೆ ಎರಡು ಮುಖಗಳಿವೆ. ಹೆದ್ದಾರಿಯ ಕಡೆಗೆ ಕೈಗಾರಿಕೆ, ಎಂಜಿನಿಯರಿಂಗ್ ಕಾಲೇಜು, ಲಾರಿಗಳ ಸಾಲು. ಇನ್ನೊಂದು ಕಡೆ ಚಾಮರಾಜನಗರದ ರೈಲು ಹಾದುಹೋಗುವ ಪುಟ್ಟ ನಿಲ್ದಾಣ, ಹಳೆಯ ಹಳ್ಳಿ. ಹೊಸ ಮನೆಗಳಿಗೆ ಹಿತ್ತಲೇ ಇಲ್ಲ. ಸೈಟಿನ ಅಂಚಿಗೆ ಗೋಡೆ ಬಂದು ನಿಲ್ಲುತ್ತದೆ. ಹಾಗಾಗಿ ತೋಟ ತಾರಸಿಗೆ ಏರಿದೆ. ಬಣ್ಣ ಖಾಲಿಯಾದ ಡಬ್ಬ, ಒಡೆದ ಬಕೆಟ್ಟು, ಸಿಮೆಂಟ್ ಚೀಲ, ಎಲ್ಲದರಲ್ಲೂ ಏನಾದರೊಂದು ಚಿಗುರಿರುತ್ತದೆ. ಹಳೆ ಊರಿನಲ್ಲಿ ಇನ್ನೂ ಬಚ್ಚಲ ನೀರಿಗೆ ಬಾಳೆ, ಬಾಗಿಲ ಪಕ್ಕ ನುಗ್ಗೆ, ಕರಿಬೇವು, ತುಳಸಿಯ ಜೊತೆಗೆ ದೊಡ್ಡಪತ್ರೆ. ಒಂದು ಜಗಲಿಯ ಮುಂದೆ ಮುದುರಿದ ಮೆಣಸಿನ ಗಿಡ ನೋಡುತ್ತಾ ನಿಂತಿದ್ದೆ. ಅಜ್ಜಿಯೊಬ್ಬರು ಕೇಳದಿದ್ದರೂ ಮದ್ದು ಹೇಳಿದರು: "ಎಲ ಮುದುರ್ಕತು ಅಂದ್ರ ಹುಳಿ ಮಜ್ಜಿಗ ಹುಯ್ಯಪ್ಪ. ಅಂಗೂ ಹೋಗ್ನಿಲ್ಲ ಅಂದ್ರ ಗಿಡ ಕಿತ್ತಾಕು, ಪಕ್ಕದ್ಕ ಅಂಟಿಸ್ಕಬ್ಯಾಡ." ಎರಡೇ ಮಾತಿನಲ್ಲಿ ಚಿಕಿತ್ಸೆಯೂ ಬಂತು, ಸೋಂಕು ತಡೆಯುವ ಕ್ರಮವೂ ಬಂತು. ಮೆಣಸಿನ ಎಲೆ ಮುದುರುವುದು ನುಸಿ, ಥ್ರಿಪ್ಸ್ ಕಾಟದಿಂದ, ಇಲ್ಲವೇ ಬಿಳಿನೊಣ ಹರಡುವ ವೈರಸ್ಸಿನಿಂದ. ವೈರಸ್ ತಗುಲಿದ ಗಿಡವನ್ನು ಕೀಳುವುದೇ ಸರಿ ಎಂದು ತಜ್ಞರೂ ಹೇಳುತ್ತಾರೆ. ಹೇಳುವ ಮುಂಚೆ ಶಾಲು ಹೊದಿಸಬೇಕಾಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ನಂಜನಗೂಡು ಹತ್ತಿರವಾದಂತೆ ಮಲ್ಲನಮೂಲೆ ಮಠ. ಕಬಿನಿ ಅಣೆಕಟ್ಟೆಯಿಂದ ನೀರು ಹೆಚ್ಚು ಬಿಟ್ಟ ವರ್ಷಗಳಲ್ಲಿ ಇಲ್ಲಿ ಹೆದ್ದಾರಿಯ ಮೇಲೆಯೇ ಕಪಿಲೆ ಹರಿಯುತ್ತಾಳೆ, ವಾಹನಗಳು ಸುತ್ತುಬಳಸಿ ಹೋಗಬೇಕಾಗುತ್ತದೆ. ಹೊಳೆ ತಂದು ಹಾಕಿದ ಈ ಎರೆಮಣ್ಣಿನಲ್ಲಿಯೇ ರಸಬಾಳೆಯ ಹೆಸರು ಹುಟ್ಟಿದ್ದು. ದೇವರಸನಹಳ್ಳಿಯ ಸುತ್ತಿನ ನೆಲದ ಹಣ್ಣಿಗೆ ಬೇರೆಡೆ ಬಾರದ ರುಚಿ ಇತ್ತು ಎಂದು ಈ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ಸಿಪ್ಪೆ ತೆಳು, ತಿರುಳು ಬೆಣ್ಣೆ, ಪರಿಮಳ ಮಾತ್ರ ಇಡೀ ಮನೆಗೆ. ನಂಜುಂಡೇಶ್ವರನ ದರ್ಶನ ಮುಗಿಸಿ ಬಂದವರು ಒಂದು ಚಿಪ್ಪು ಕಟ್ಟಿಸಿಕೊಂಡು ಹೋಗುತ್ತಿದ್ದ ಕಾಲ ಅದು.

ಆ ಬಾಳೆಯನ್ನು ತಿಂದುಹಾಕಿದ್ದು ಪನಾಮಾ ಸೊರಗು ರೋಗ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಸಾಗುವ ನಾಳಗಳನ್ನೇ ಮುಚ್ಚುತ್ತದೆ. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಗೆ ತಿರುಗುತ್ತದೆ, ಎಲೆಗಳು ಕಾಂಡದ ಸುತ್ತ ಜೋತುಬೀಳುತ್ತವೆ, ಬುಡ ಸೀಳುತ್ತದೆ. ಕಾಂಡ ಕತ್ತರಿಸಿದರೆ ಒಳಗೆ ಕೆಂಪು ಮಿಶ್ರಿತ ಕಂದು ಗೆರೆಗಳು. ಒಮ್ಮೆ ಹೊಕ್ಕರೆ ಈ ಶಿಲೀಂಧ್ರ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಗ್ರೋ ಮಿಷೆಲ್ ಎಂಬ ತಳಿಯ ರಫ್ತು ತೋಟಗಳನ್ನು ಇದೇ ರೋಗ 1950-60ರ ದಶಕಗಳ ಹೊತ್ತಿಗೆ ಮುಗಿಸಿತು. ಆಗ ಪ್ರಪಂಚದ ಮಾರುಕಟ್ಟೆ ಕ್ಯಾವೆಂಡಿಷ್ ತಳಿಗೆ ವಾಲಿತು. ನಮ್ಮ ಪಚ್ಚಬಾಳೆಯೂ ಅದೇ ಕುಲದ್ದು. ರಸಬಾಳೆಯ ಬದಲಿಗೆ ನಂಜನಗೂಡಿಗೆ ಯಾವ ತಳಿಯೂ ದಕ್ಕಲಿಲ್ಲ. ಏಲಕ್ಕಿಬಾಳೆ ಬೆಳೆಯುತ್ತದೆ, ಮಾರಾಟವಾಗುತ್ತದೆ, ಅದು ಬೇರೆಯ ಹಣ್ಣು.

ಗಾರ್ಡನ್ ಕ್ಲಬ್ಬಿನ ವಿಚಾರದಲ್ಲಿ ಬಾಳೆಯ ಕಥೆ ಏಕೆ ಎನ್ನಬಹುದು. ಗಿಡ ಬೆಳೆಸುವವರು ಸೇರಿದ ಕಡೆ ಎಲ್ಲಕ್ಕಿಂತ ಮೊದಲು ನಡೆಯುವುದು ಕೊಡು-ಕೊಳ್ಳುವಿಕೆ. "ನಿಮ್ಮ ದಾಸವಾಳದ ಒಂದು ಕಡ್ಡಿ ಕೊಡಿ", "ನಮ್ಮ ಬಾಳೆಯ ಒಂದು ಕಂದು ತಗೊಂಡು ಹೋಗಿ". ಸೊರಗು ರೋಗ ತೋಟದಿಂದ ತೋಟಕ್ಕೆ ನಡೆದುಬಂದಿದ್ದು ಈ ಪ್ರೀತಿಯ ದಾರಿಯಲ್ಲೇ. ರೋಗದ ತೋಟದ ಕಂದು, ಅದನ್ನು ಅಗೆದ ಗುದ್ದಲಿಗೆ ಅಂಟಿದ ಮಣ್ಣು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿದ ನೀರು. ಆದ್ದರಿಂದ ತಾಂಡವಪುರದ ಸಂಘದ ಮೊದಲ ಉಪನ್ಯಾಸ ಗುಲಾಬಿಯ ಮೇಲೆ ಬೇಡ. ಬಾಳೆ ಕಳೆದುಕೊಂಡ ರೈತರೊಬ್ಬರನ್ನು ಕೂರಿಸಿ, ಕಂದು ಎಲ್ಲಿಂದ ತಂದರು, ಯಾವ ಎಲೆ ಮೊದಲು ಹಳದಿಯಾಯಿತು, ಆಮೇಲೆ ಏನು ಮಾಡಿದರು ಎಂದು ಕೇಳಿ. ಅಂಗಾಂಶ ಕೃಷಿಯ ರೋಗರಹಿತ ಸಸಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ, ಬಾಳೆಯ ನೆಲದಲ್ಲಿ ಸರದಿಯಂತೆ ಭತ್ತ, ಇವನ್ನೆಲ್ಲ ತಜ್ಞರು ಸೂಚಿಸುತ್ತಾರೆ. ಪೂರ್ತಿ ಮದ್ದು ಯಾವುದೂ ಅಲ್ಲ. ಇದನ್ನು ಸೋತವರ ಬಾಯಿಂದ ಕೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಕಪಿಲೆಯ ದಂಡೆಯ ಸುತ್ತೂರಿಗೆ ಬಂದರೆ ಅತಿಥಿಗಳ ಪಟ್ಟಿ ಅರ್ಧ ತುಂಬಿದಂತೆಯೇ. ಇಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠ ನಡೆಸುವ ಕೃಷಿ ವಿಜ್ಞಾನ ಕೇಂದ್ರ (ಕೆವಿಕೆ) ಇದೆ. ದೇಶದ ಮೊದಲ ಕೆವಿಕೆ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ಈಗ ಬಹುತೇಕ ಜಿಲ್ಲೆಗಳಲ್ಲಿ ಒಂದಾದರೂ ಇದೆ. ಮಂಜೂರಾತಿಯ ಲೆಕ್ಕದಲ್ಲಿ ಪ್ರತಿ ಕೇಂದ್ರಕ್ಕೆ ಒಬ್ಬ ಮುಖ್ಯಸ್ಥರು, ಆರು ಮಂದಿ ವಿಷಯ ತಜ್ಞರು. ತೋಟಗಾರಿಕೆ, ಸಸ್ಯ ಸಂರಕ್ಷಣೆ, ಮಣ್ಣು, ಗೃಹವಿಜ್ಞಾನ ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಸರ್ಕಾರ ಸಂಬಳ ಕೊಟ್ಟು ಇವರನ್ನು ಇಟ್ಟಿರುವುದೇ ಜನರ ಬಳಿ ಬಂದು ಮಾತಾಡಲಿ ಎಂದು. ಆದರೂ ಕೆವಿಕೆ ಎಂದರೆ ಎಕರೆಗಟ್ಟಲೆ ಜಮೀನಿರುವ ರೈತರಿಗೆ ಮಾತ್ರ ಎಂದು ಪೇಟೆಯವರು ತಿಳಿದಿದ್ದಾರೆ. ಪೌಷ್ಟಿಕ ಕೈತೋಟದ ತರಬೇತಿ ಇಂಥ ಕೇಂದ್ರಗಳ ದಿನನಿತ್ಯದ ಕೆಲಸ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಬಲ್ಲರು. ತಪ್ಪದೆ ಸಭೆ ಸೇರುವುದನ್ನು ಈ ಸೀಮೆಯಲ್ಲಿ ನಿಜವಾಗಿ ಸಾಧಿಸಿದವರೂ ಅವರೇ. ಉಳಿತಾಯದ ಪುಸ್ತಕ ಮುಚ್ಚಿದ ಮೇಲೆ ಅವರ ಮಾತು ಹೊರಳುವುದು ಅವರೆ, ಸೊಪ್ಪು, ಹುಳದ ಕಡೆಗೇ. ಗಾರ್ಡನ್ ಕ್ಲಬ್ ಕಟ್ಟುವವರು ಅವರಿಂದ ಹಾಜರಿ ಪುಸ್ತಕ ಇಡುವುದನ್ನಾದರೂ ಕಲಿಯಬೇಕು.

ಸುತ್ತೂರಿನ ದೊಡ್ಡ ಸಭೆ ಜಾತ್ರೆಯಲ್ಲಿ. ಪುಷ್ಯ ಮಾಸದಲ್ಲಿ ಆದಿಜಗದ್ಗುರು ಶಿವರಾತ್ರೀಶ್ವರ ಶಿವಯೋಗಿಗಳ ಹೆಸರಿನಲ್ಲಿ ನಡೆಯುವ ಈ ಜಾತ್ರೆಯಲ್ಲಿ ರಥ, ಕೊಂಡ, ತೆಪ್ಪ, ಕುಸ್ತಿ, ದನಗಳ ಪರಿಷೆ, ಸಾಮೂಹಿಕ ವಿವಾಹ ಎಲ್ಲ ಇವೆ. ಅದರ ನಡುವೆ ಕೃಷಿ ಮೇಳ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 'ಕೃಷಿ ಬ್ರಹ್ಮಾಂಡ'. ಒಂದು ಎಕರೆ ನೆಲದಲ್ಲಿ ಹತ್ತಾರು ಬಗೆಯ ಬೆಳೆಗಳನ್ನು ಜಾತ್ರೆಯ ಹೊತ್ತಿಗೆ ಸರಿಯಾಗಿ ನಿಲ್ಲಿಸಿರುತ್ತಾರೆ. ತರಕಾರಿ, ಸೊಪ್ಪು, ಧಾನ್ಯ, ಹೂವು ಎಲ್ಲವೂ ಒಂದರ ಪಕ್ಕ ಒಂದು. ಜಾತ್ರೆಗೆ ಬರುವ ಜನ ಹೀಗೆ ಯಾವ ಭಾಷಣವನ್ನೂ ಕೇಳುವುದಿಲ್ಲ. ಗಂಡ ಮುಂದೆ ಹೋಗಿಬಿಟ್ಟರೂ ಹೆಂಡತಿ ಪಡವಲದ ಚಪ್ಪರದ ಕೆಳಗೆ ನಿಂತೇ ಇರುತ್ತಾಳೆ, ಚಪ್ಪರ ಎಷ್ಟು ಎತ್ತರ ಎಂದು ಕೈಯೆತ್ತಿ ಅಳೆಯುತ್ತಾಳೆ. ವಿಚಾರಸಂಕಿರಣದ ಪೆಂಡಾಲಿನಲ್ಲಿ ಮೈಕು ಸರಿಮಾಡುವಷ್ಟರಲ್ಲಿ ಇಲ್ಲಿ ಒಂದು ಪಾಠ ಮುಗಿದಿರುತ್ತದೆ. ಪೆಂಡಾಲು ಬೇಡ ಎನ್ನುತ್ತಿಲ್ಲ. ಸ್ವಾಗತ, ಪ್ರಾರ್ಥನೆ, ದೀಪ, ಹಾರ, ನೆನಪಿನ ಕಾಣಿಕೆ ಇಷ್ಟರಲ್ಲೇ ಮುಕ್ಕಾಲು ಗಂಟೆ ಕಳೆಯುವ ನಮ್ಮ ಸಭೆಯ ಪದ್ಧತಿಯನ್ನು ಗಿಡದ ಸಂಘವಾದರೂ ಬಿಡಬಹುದಲ್ಲ? ಗಿಡ ಬೆಳೆಸುವವರೇ ಹೂ ಕಿತ್ತು ಹಾರ ಹಾಕಿಕೊಳ್ಳುವುದಂತೂ ನೋಡಲು ಚೆನ್ನಲ್ಲ.

ಸುತ್ತೂರಿನ ನೆಲದಿಂದ ಬಂದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ ಹುಟ್ಟಿದ್ದು 1916ರ ಆಗಸ್ಟ್ 29ರಂದು. ಜೆಎಸ್ಎಸ್ ಮಹಾವಿದ್ಯಾಪೀಠವನ್ನು 1954ರಲ್ಲಿ ಕಟ್ಟಿದರು. ಸ್ವಾಮೀಜಿ ಹುಟ್ಟಿದ 1916ರ ಅದೇ ಆಗಸ್ಟ್ ತಿಂಗಳ 8ರಂದು ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿನ ಹತ್ತಿರದ ರೈತ ಮನೆಯೊಂದರಲ್ಲಿ ಇನ್ನೊಬ್ಬರು ಹುಟ್ಟಿದರು: ಎಂ.ಎಚ್. ಮರಿಗೌಡ. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿ ಬಂದು ಲಾಲ್‌ಬಾಗ್ ಮುನ್ನಡೆಸಿದವರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾದಾಗ ಅದರ ಮೊದಲ ನಿರ್ದೇಶಕರಾದರು. ಲಾಲ್‌ಬಾಗ್ 240 ಎಕರೆಯಾಗಿ ಬೆಳೆದದ್ದು, ರಾಜ್ಯದುದ್ದಕ್ಕೂ ಇಲಾಖೆಯ ತೋಟಗಾರಿಕಾ ಕ್ಷೇತ್ರಗಳು ಹಬ್ಬಿದ್ದು ಅವರ ದುಡಿಮೆಯಿಂದ. ಇಂದು ಹಾಪ್‌ಕಾಮ್ಸ್ ಎಂದು ಕರೆಯುವ ಸಂಸ್ಥೆ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದುದರ ಹಿಂದೆಯೂ ಅವರಿದ್ದರು. ಬನ್ನೂರು ಎಂದರೆ ಜನರಿಗೆ ಮೊದಲು ನೆನಪಾಗುವುದು ಕುರಿ. (ಆ ಕುರಿಯ ಗೊಬ್ಬರಕ್ಕೆ ಸಮನಾದದ್ದು ಯಾವ ಪ್ಯಾಕೆಟ್ಟಿನಲ್ಲೂ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.) ಕರ್ನಾಟಕದ ತೋಟಗಾರಿಕೆಯ ಪಿತಾಮಹ ಎಂದು ಕರೆಸಿಕೊಂಡವರೂ ಅಲ್ಲಿಯವರೇ ಎಂಬುದು ಎಷ್ಟು ಮಂದಿಗೆ ಗೊತ್ತು? ಸಹಜ ಕೃಷಿಯ ಮಾತಿಗೆ ದೂರದೂರದ ರೈತರನ್ನು ತಮ್ಮ ತೋಟಕ್ಕೆ ಎಳೆದ ಬನ್ನೂರು ಕೃಷ್ಣಪ್ಪನವರ ಊರೂ ಇದೇ.

ಹಾಗೆಂದು ಬೆಂಗಳೂರನ್ನು ತಳ್ಳಿಹಾಕುವಂತಿಲ್ಲ. ತೋಟದ ಆಸಕ್ತರು ಸಂಘ ಕಟ್ಟಿಕೊಳ್ಳುವ ರೂಢಿಗೆ ಅಲ್ಲೊಂದು ಹಳೆಯ ಮಾದರಿ ಇದೆ. 1912ರಲ್ಲಿ, ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕಾಲದಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘ ಇಂದಿಗೂ ಇಲಾಖೆಯ ಜೊತೆ ಸೇರಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಫಲಪುಷ್ಪ ಪ್ರದರ್ಶನ ನಡೆಸುತ್ತದೆ. ಮೈಸೂರಿನಲ್ಲಿ ದಸರಾ ಹೊತ್ತಿಗೆ ಕುಪ್ಪಣ್ಣ ಪಾರ್ಕಿನಲ್ಲಿ ಪ್ರದರ್ಶನ. ಆದರೆ ಪ್ರದರ್ಶನದಲ್ಲಿ ಬದುಕಿ ಅರಳಿದ ಗಿಡಗಳು ಮಾತ್ರ ಇರುತ್ತವೆ. ಸತ್ತ ಗಿಡ ಏಕೆ ಸತ್ತಿತು ಎಂದು ಕೇಳಲು ತಿಂಗಳ ಸಭೆಯೇ ಬೇಕು.

ಇನ್ನೊಬ್ಬ ಅತಿಥಿ ದಶಕಗಳಿಂದ ಎಲ್ಲರ ಮನೆಗೂ ಬರುತ್ತಿದ್ದರು. ಮೈಸೂರು ಆಕಾಶವಾಣಿಯ ಕೃಷಿ ಕಾರ್ಯಕ್ರಮ. ದನಕ್ಕೆ ಹುಲ್ಲು ಹಾಕುತ್ತಾ, ಅಡುಗೆಗೆ ಒಲೆ ಹಚ್ಚುತ್ತಾ ಕೇಳಿದ ಆ ಸಂದರ್ಶನಗಳಲ್ಲಿ ಪ್ರಾಧ್ಯಾಪಕರ ಪಕ್ಕದಲ್ಲಿ ಹಳ್ಳಿಯ ರೈತರೂ ಕೂರುತ್ತಿದ್ದರು. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ಇನ್ನೂ ಮುಂದೆ ಹೋಗಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬೆಳೆದವರೇ ಹೇಳಲಿ ಎಂಬ ಈ ದಾರಿ ಕನ್ನಡದಲ್ಲಿ ಆಗಲೇ ಸವೆದು ಹದವಾಗಿದೆ. ಕ್ಲಬ್ಬಿನವರು ಅದನ್ನು ಹಿಡಿದರೆ ಸಾಕು.

ಹಿಂದಿರುಗುವಾಗ ಸ್ನೇಹಿತರ ತಾರಸಿಗೆ ಹೋದೆ. ಅವರ ಕುಂಡಗಳಲ್ಲಿ ಬರೀ ಎರೆಮಣ್ಣು. ನೀರು ಹಾಕಿದರೆ ಅಂಟು, ಒಣಗಿದರೆ ಬಿರುಕು. ಹೊಳೆಯ ಬದಿಯಲ್ಲಿ ಬಾಳೆಗೆ ಹೊನ್ನಾದ ಮಣ್ಣು ಡಬ್ಬದೊಳಗೆ ಬೇರಿಗೆ ಉಸಿರುಗಟ್ಟಿಸುತ್ತದೆ. ಕೆಂಪುಮಣ್ಣು ಒಂದು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ, ತಳದಲ್ಲಿ ನೀರು ಇಳಿಯಲು ತೂತು. ಇದಕ್ಕೆ ಉಪನ್ಯಾಸ ಬೇಕಿಲ್ಲ, ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಕೈ ಮಣ್ಣು ಮಾಡಿಕೊಂಡರೆ ಆಯಿತು.

ಅವರಿಗೆ ನಾನು ಕೊಟ್ಟ ಲೆಕ್ಕ ಇಷ್ಟೇ. ವರ್ಷಕ್ಕೆ ಹನ್ನೊಂದು ಸಭೆ. ಐದಕ್ಕೆ ಸುತ್ತೂರಿನ ತಜ್ಞರನ್ನು ಕೇಳಿಕೊಳ್ಳಿ. ಉಳಿದ ಆರಕ್ಕೆ ಎಲೆತೋಟದ ಬೆಳೆಗಾರರು, ಮಲ್ಲಿಗೆಯವರು, ರಸಬಾಳೆ ಕಳೆದುಕೊಂಡ ಒಬ್ಬರು, ಇನ್ನೂ ಉಳಿಸಿಕೊಂಡ ಒಬ್ಬರು, ಸ್ವಸಹಾಯ ಸಂಘದ ಅಕ್ಕ ಒಬ್ಬರು, ಮತ್ತೆ ಆ ಹುಳಿ ಮಜ್ಜಿಗೆಯ ಅಜ್ಜಿ. ವಿಷಯವನ್ನು ಮಳೆಯ ಲೆಕ್ಕದಲ್ಲಿ ಇಡಿ: ಭರಣಿಯ ಹೊತ್ತಿಗೆ ಬೀಜ ಮತ್ತು ಮಣ್ಣು, ಆರಿದ್ರೆಯಲ್ಲಿ ನಾಟಿ, ಹೊಳೆ ತುಂಬಿದಾಗ ಬೇರು ಕೊಳೆತ, ಅವರೆ ಹೂ ಬಿಡುವ ಚಳಿಯಲ್ಲಿ ಹೇನು. ಪುಷ್ಯದಲ್ಲಿ ಸಭೆಯೇ ಬೇಡ, ಎಲ್ಲರೂ ಸುತ್ತೂರು ಜಾತ್ರೆಗೆ ಹೋಗಿ. ಸಭೆಗೆ ಬರುವವರು ತಮ್ಮ ಅತ್ಯಂತ ಸೊರಗಿದ ಗಿಡದ ಒಂದು ಎಲೆಯನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ತರಲಿ. ರೋಗದ ಎಲೆಯನ್ನು ಬರಿಗೈಯಲ್ಲಿ ಹಿಡಿದು ತಂದು ಮತ್ತೊಬ್ಬರ ಗಿಡಕ್ಕೆ ಅಂಟಿಸುವುದು ಬೇಡ. ಬಾಳೆ ಕಂದನ್ನಂತೂ ದಯವಿಟ್ಟು ಯಾರೂ ಯಾರಿಗೂ ಕೊಡಬೇಡಿ, ಸಸಿಯನ್ನು ನಂಬಿಕೆಯ ಸಸ್ಯಕ್ಷೇತ್ರದಿಂದಲೇ ತನ್ನಿ.