ಜಾಲತಾಣಕ್ಕೊಂದು ಎರಡನೆಯ ನೆಲೆ

ಜಾಲತಾಣವೊಂದನ್ನು ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ತೆರೆದು ಓದುವವರ ಕಣ್ಣಿಗೆ ಅದು ನಿರ್ದಿಷ್ಟವಾದ ನೆಲೆಯೇ ಇಲ್ಲದೆ ಸರ್ವತ್ರ ವ್ಯಾಪಿಸಿರುವ ವಸ್ತುವಿನಂತೆ ತೋರುವುದು ಸಹಜವಾದರೂ, ವಾಸ್ತವದಲ್ಲಿ ಅದರ ಒಂದೊಂದು ಅಕ್ಷರವೂ ಒಂದೊಂದು ಚಿತ್ರವೂ ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿ ಹಗಲಿರುಳೂ ಓಡುತ್ತಿರುವ ಸರ್ವರ್ ಎಂಬ ಯಂತ್ರದ ಡಿಸ್ಕಿನಲ್ಲಿರುತ್ತದೆ. ಡಿಸ್ಕು ಸವೆಯತಕ್ಕ ವಸ್ತು. ಯಂತ್ರಕ್ಕೆ ಕನ್ನ ಹಾಕುವವರೂ ಉಂಟು. ಇವೆರಡಕ್ಕಿಂತ ಮಿಗಿಲಾಗಿ, ಅದನ್ನು ನೋಡಿಕೊಳ್ಳುವ ಮನುಷ್ಯನು ಆಯಾಸದಿಂದ ಕೊಟ್ಟ ಒಂದು ತಪ್ಪು ಆಜ್ಞೆಯು ಹಲವು ವರ್ಷಗಳ ಬರೆಹವನ್ನು ಕ್ಷಣಾರ್ಧದಲ್ಲಿ ಅಳಿಸಿಹಾಕಬಲ್ಲುದು. ಶಾಲೆಯ ದಾಖಲೆ, ಪತ್ರಿಕೆಯ ಹಳೆಯ ಸಂಚಿಕೆ, ವ್ಯಾಪಾರಿಯ ಲೆಕ್ಕ ಮುಂತಾಗಿ ಕಾಗದದ ಮೇಲೆ ಎಂದೂ ಮೂಡದ ಸಂಪತ್ತು ಈಗ ನಮ್ಮಲ್ಲಿ ಹೇರಳವಾಗಿರುವುದರಿಂದ, ಅದಕ್ಕೆ ಎರಡನೆಯ ನೆಲೆಯೊಂದನ್ನು ಕಲ್ಪಿಸುವ ಕ್ರಮವನ್ನು ತಂತ್ರಜ್ಞರಲ್ಲದವರೂ ಅರಿತಿರುವುದು ಆವಶ್ಯಕ.

ಅಂಥ ನೆಲೆಗಳಲ್ಲಿ ಸುಲಭವಾಗಿ ಕೈಗೆಟುಕುವುದು ನೆಟ್‌ವರ್ಕ್ ಸ್ಟೋರೇಜ್. ಬಳಸುವವರು ಅದನ್ನು ನ್ಯಾಸ್ ಎಂದು ಕರೆಯುತ್ತಾರೆ. ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳನ್ನು ಒಡಲಲ್ಲಿಟ್ಟುಕೊಂಡು, ಕಚೇರಿಯ ಮೂಲೆಯಲ್ಲಿ ಒಂದು ಕೇಬಲ್ಲಿನಿಂದ ರೌಟರಿಗೆ ಜೋಡಿಸಿಕೊಂಡು, ಅನುಮತಿ ಪಡೆದ ಯಂತ್ರಗಳಿಗೆಲ್ಲ ತನ್ನ ಫೋಲ್ಡರುಗಳನ್ನು ತೆರೆದುಕೊಡುವ ಪುಟ್ಟ ಪೆಟ್ಟಿಗೆ ಅದು. ದೂರದ ಯಂತ್ರದ ಫೋಲ್ಡರನ್ನು ತನ್ನದೇ ಎಂಬಂತೆ ಬಳಸುವ ಈ ವಿದ್ಯೆ ಹೊಸದೇನೂ ಅಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರ ಸುಮಾರಿಗೆ ರೂಪಿಸಿದ ಎನ್‌ಎಫ್‌ಎಸ್ ಪದ್ಧತಿಯು ಇಂದಿಗೂ ಬಳಕೆಯಲ್ಲಿದೆ.

ಸರ್ವರಿನಿಂದ ಸಾಗಿಸಬೇಕಾದ ಸಾಮಗ್ರಿಯು ಮುಖ್ಯವಾಗಿ ಎರಡು ಬಗೆ. ಚಿತ್ರಗಳು, ಪುಟಗಳು, ಸೆಟ್ಟಿಂಗುಗಳ ಕಡತಗಳು ಒಂದು ಬಗೆ; ಲೇಖನಗಳನ್ನೂ ಸದಸ್ಯರ ವಿವರಗಳನ್ನೂ ಒಳಗೊಂಡ ಡೇಟಾಬೇಸ್ ಇನ್ನೊಂದು ಬಗೆ. ಮೊದಲನೆಯವನ್ನು ಇದ್ದಂತೆಯೇ ನಕಲು ಮಾಡಬಹುದು. ಎರಡನೆಯದನ್ನು ಹಾಗೆ ಮಾಡಲಾಗದು. ಏಕೆಂದರೆ ಗುಮಾಸ್ತನು ಒಂದು ಪುಟದಲ್ಲಿ ಖರ್ಚನ್ನು ಬರೆದು ಇನ್ನೊಂದು ಪುಟದಲ್ಲಿ ಜಮೆಯನ್ನು ಬರೆಯುವುದರೊಳಗೆ ಯಾರಾದರೂ ಆ ಲೆಕ್ಕದ ಪುಸ್ತಕವನ್ನು ಪ್ರತಿಮಾಡಿಕೊಂಡರೆ ಆ ಪ್ರತಿಯ ಲೆಕ್ಕ ಹೇಗೆ ಎಂದಿಗೂ ತಾಳೆಯಾಗದೋ, ಹಾಗೆಯೇ ಓಡುತ್ತಿರುವ ಡೇಟಾಬೇಸಿನ ಕಡತಗಳ ನಕಲೂ ಒಳಗೊಳಗೇ ವಿಸಂಗತವಾಗಿರುತ್ತದೆ. ಆದಕಾರಣ ಒಂದು ನಿರ್ದಿಷ್ಟ ಕ್ಷಣದ ಸ್ಥಿತಿಯನ್ನು ಇಡಿಯಾಗಿ ಬರೆದುಕೊಡುವಂತೆ ಡೇಟಾಬೇಸಿಗೇ ಆಜ್ಞೆಮಾಡಿ, ಹಾಗೆ ಹೊರಬಂದ ಕಡತವನ್ನು ನ್ಯಾಸಿಗೆ ಕಳುಹಿಸಬೇಕು. ಇದನ್ನು ಡಂಪ್ ತೆಗೆಯುವುದು ಎನ್ನುತ್ತಾರೆ.

ಉಳಿದ ಕಡತಗಳನ್ನು ಪ್ರತಿರಾತ್ರಿಯೂ ಮೊದಲಿನಿಂದ ಸಾಗಿಸಬೇಕಾಗಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬವರು 1996ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ತಂತ್ರಾಂಶವು ಎರಡು ಕಡೆಯ ಕಡತಗಳನ್ನು ಹೋಲಿಸಿ, ಬದಲಾದ ಭಾಗವನ್ನು ಮಾತ್ರ ಜಾಲದ ಮೇಲೆ ಕಳುಹಿಸುತ್ತದೆ. ಬದಲಾಗದ ಕಡತಗಳನ್ನು ಹಿಂದಿನ ದಿನದ ಪ್ರತಿಯೊಡನೆಯೇ ಹಂಚಿಕೊಳ್ಳುವಂತೆ ಏರ್ಪಡಿಸಿದರೆ, ಮೂವತ್ತು ದಿನಗಳ ಮೂವತ್ತು ಪೂರ್ಣ ಪ್ರತಿಗಳು ಕಣ್ಣಿಗೆ ಕಂಡರೂ ಡಿಸ್ಕಿನಲ್ಲಿ ಅವು ಹಿಡಿಯುವ ಜಾಗ ಒಂದು ಪ್ರತಿಗಿಂತ ಬಹಳ ಹೆಚ್ಚಾಗುವುದಿಲ್ಲ. ಹಲವು ದಿನಗಳ ಪ್ರತಿಗಳಿರುವುದು ಅತ್ಯಗತ್ಯ. ಇಂದು ಕೆಟ್ಟ ಕಡತವು ಕೆಟ್ಟಿತೆಂದು ತಿಳಿಯುವುದು ಎಷ್ಟೋ ವೇಳೆ ಹತ್ತು ದಿನಗಳ ಅನಂತರ.

ಈ ಕೆಲಸವೆಲ್ಲ ನಡುರಾತ್ರಿಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ತನ್ನಷ್ಟಕ್ಕೆ ತಾನೇ ನಡೆಯುವುದು ಅದರ ಗುಣವೂ ಹೌದು, ಅದರ ಅಪಾಯವೂ ಹೌದು. ಎರಡು ನಿದರ್ಶನಗಳನ್ನು ಸಮೀಪದಿಂದ ನೋಡೋಣ. ಡಂಪ್ ಕಡತವನ್ನು ಜಿಜಿಪ್ ಎಂಬ ತಂತ್ರಾಂಶದ ಮೂಲಕ ಹಾಯಿಸಿ ಕಿರಿದುಗೊಳಿಸುವುದು ರೂಢಿ. ಯಾರೋ ಡೇಟಾಬೇಸಿನ ಪಾಸ್‌ವರ್ಡನ್ನು ಬದಲಾಯಿಸಿದ ಕಾರಣ ಡಂಪ್ ಒಂದಕ್ಷರವನ್ನೂ ಹೊರಡಿಸದೆ ನಿಂತಿತೆನ್ನಿ. ಆಗಲೂ ಜಿಜಿಪ್ ತನಗೆ ಬಂದ ಶೂನ್ಯವನ್ನೇ ಶ್ರದ್ಧೆಯಿಂದ ಕಿರಿದುಗೊಳಿಸಿ, ಆ ದಿನದ ತಾರೀಖನ್ನು ಹೊತ್ತ ಇಪ್ಪತ್ತು ಬೈಟುಗಳ ಕಡತವೊಂದನ್ನು ನಿರ್ಮಿಸುತ್ತದೆ. ಇಂಥ ಸರಣಿಯಲ್ಲಿ ಕಟ್ಟಕಡೆಯ ಆಜ್ಞೆಯ ಫಲಿತಾಂಶವನ್ನು ಮಾತ್ರ ಗಣಿಸುವುದು ವಾಡಿಕೆಯಾದುದರಿಂದ, ಇಡೀ ಕಾರ್ಯ ಯಶಸ್ವಿಯಾಯಿತೆಂದೇ ದಾಖಲಾಗುತ್ತದೆ. ಫೋಲ್ಡರನ್ನು ತೆರೆದು ನೋಡಿದವರಿಗೆ ದಿನಕ್ಕೊಂದರಂತೆ ಕಡತಗಳು ಸಾಲಾಗಿ ಕಾಣುತ್ತವೆ. ಗಾತ್ರದ ಅಂಕಣವನ್ನು ಗಮನಿಸಿದವರಿಗೆ ಮಾತ್ರ ಅವು ಬರಿದೆಂಬುದು ತಿಳಿಯುತ್ತದೆ.

ಇನ್ನೊಂದು, ನ್ಯಾಸಿನ ಸಂಪರ್ಕ ಕಡಿದ ಸಂದರ್ಭ. ನ್ಯಾಸಿನ ಫೋಲ್ಡರು ಸರ್ವರಿನಲ್ಲಿ ಕಾಣಿಸಿಕೊಳ್ಳುವುದು ಅಲ್ಲಿಯೇ ಇರುವ ಒಂದು ಖಾಲಿ ಫೋಲ್ಡರಿನ ಮೇಲೆ ಮೌಂಟ್ ಆಗಿ. ಸರ್ವರ್ ಮರುಚಾಲನೆಗೊಂಡು, ಆ ಮೌಂಟ್ ಮತ್ತೆ ಆಗದೆ ಉಳಿದರೆ, ಖಾಲಿ ಫೋಲ್ಡರು ಮಾತ್ರ ಹಾಗೆಯೇ ಇರುತ್ತದೆ; ರಾತ್ರಿಯ ಆಜ್ಞೆಯು ವ್ಯತ್ಯಾಸವನ್ನರಿಯದೆ ಎಲ್ಲವನ್ನೂ ಅದರೊಳಗೇ, ಎಂದರೆ ಸರ್ವರಿನ ಸ್ವಂತ ಡಿಸ್ಕಿಗೇ ತುಂಬುತ್ತ ಹೋಗಿ, ಕಡೆಗೆ ಡಿಸ್ಕು ಭರ್ತಿಯಾಗಿ ಜಾಲತಾಣವೇ ಸ್ತಬ್ಧವಾಗುತ್ತದೆ. ನಕಲು ಆರಂಭವಾಗುವ ಮುನ್ನ ಮೌಂಟ್ ಇದೆಯೇ ಎಂದು ವಿಚಾರಿಸುವ ಒಂದೇ ಒಂದು ಸಾಲು ಈ ಅನರ್ಥವನ್ನು ತಡೆಯುತ್ತದೆ.

ನ್ಯಾಸಿನಲ್ಲಿ ಎರಡು ಡಿಸ್ಕುಗಳು ಒಂದನ್ನೊಂದು ಅನುಕರಿಸುತ್ತಿರುವುದರಿಂದ ಬೇರೆ ರಕ್ಷಣೆ ಬೇಡವೆಂಬ ಭಾವನೆಯೊಂದು ಪ್ರಚಲಿತವಾಗಿದೆ. ರೇಡ್ ಎಂದು 1988ರ ಬರ್ಕ್‌ಲಿಯ ಪ್ರಬಂಧದಿಂದ ಪ್ರಸಿದ್ಧವಾದ ಈ ಏರ್ಪಾಡು ಡಿಸ್ಕೊಂದು ಕೆಟ್ಟಾಗ ಕಾಯುತ್ತದೆ, ನಿಜ. ಆದರೆ ಅಳಿಸು ಎಂಬ ಆಜ್ಞೆ ಬಂದರೆ ಎರಡು ಡಿಸ್ಕುಗಳಿಂದಲೂ ಒಮ್ಮೆಗೇ ಅಳಿಸುತ್ತದೆ. ಹಾಗೆಯೇ, ನ್ಯಾಸಿನಲ್ಲಿ ಬರೆಯುವ ಅಧಿಕಾರವನ್ನು ಸರ್ವರಿಗೆ ಕೊಟ್ಟರೆ, ಸರ್ವರನ್ನು ಹೊಕ್ಕ ಕಳ್ಳನಿಗೂ ಅದೇ ಅಧಿಕಾರ ದೊರೆಯುತ್ತದೆ. ಆದುದರಿಂದ ಸರ್ವರ್ ಕಳುಹಿಸುವುದಕ್ಕಿಂತ ನ್ಯಾಸ್ ತಾನೇ ಹೋಗಿ ತರುವ ಕ್ರಮವೇ ಮೇಲೆಂದು ನನ್ನ ಅಭಿಪ್ರಾಯ. ಆಗ ಸರ್ವರಿಗೆ ತನ್ನ ಪ್ರತಿಗಳು ಎಲ್ಲಿವೆಯೆಂಬುದನ್ನು ತಿಳಿಯುವ ಅಗತ್ಯವೂ ಇರುವುದಿಲ್ಲ.

ಸ್ಥಳದ ವಿಚಾರವೂ ಅಷ್ಟೇ ಮುಖ್ಯವಾದುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಸರ್ವರ್ ಭವನವೊಂದು ಬೆಂಕಿಗೆ ಸಂಪೂರ್ಣವಾಗಿ ಆಹುತಿಯಾದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇರಿಸಿದ್ದ ಗ್ರಾಹಕರು ಮೂಲವನ್ನೂ ಪ್ರತಿಯನ್ನೂ ಒಟ್ಟಿಗೇ ಕಳೆದುಕೊಂಡರು. ಪ್ರತಿಗಳು ಚದುರಿರಬೇಕೆಂಬುದಕ್ಕೆ ನಮ್ಮ ಸಾಹಿತ್ಯಚರಿತ್ರೆಯೇ ಸಾಕ್ಷಿ ನುಡಿಯುತ್ತದೆ: ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧವಾದ ಪೊನ್ನನ ಶಾಂತಿಪುರಾಣ ನಮಗೆ ಉಳಿದಿದೆ, ಅದೇ ಕವಿಯ ಭುವನೈಕರಾಮಾಭ್ಯುದಯ ಉಳಿದಿಲ್ಲ. ಕಚೇರಿಯ ನ್ಯಾಸಿನಲ್ಲಿರುವುದರ ಇನ್ನೊಂದು ಪ್ರತಿಯು ಬೇರೊಂದು ಊರಿನಲ್ಲಿರಲೇಬೇಕು.

ಇಷ್ಟನ್ನು ಮಾಡಿಯೂ ಒಂದು ಕೆಲಸ ಉಳಿಯುತ್ತದೆ. ಬಹುಮಂದಿ ಕೈಬಿಡುವುದೂ ಅದನ್ನೇ. ಪ್ರೋಗ್ರಾಮರುಗಳು ತಮ್ಮ ಕೋಡನ್ನು ಇರಿಸಿಕೊಳ್ಳುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ, 2017ರ ಜನವರಿ 31ರ ರಾತ್ರಿ, ಇಂಜಿನಿಯರೊಬ್ಬರು ಸಹಾಯಕ ಸರ್ವರಿನಲ್ಲಿದ್ದೇನೆಂದು ಭಾವಿಸಿ ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡುಗಳಲ್ಲಿ ಎಚ್ಚೆತ್ತು ತಡೆದರೂ, ಸುಮಾರು 300 ಗಿಗಾಬೈಟುಗಳಲ್ಲಿ ಉಳಿದದ್ದು ಸುಮಾರು 4.5 ಮಾತ್ರ. ಪ್ರತಿಗಳನ್ನು ಹುಡುಕಹೋದಾಗ, ಡೇಟಾಬೇಸ್ 9.6ನೆಯ ಆವೃತ್ತಿಯದಾಗಿದ್ದು ಡಂಪ್ ತೆಗೆಯುವ ತಂತ್ರಾಂಶ 9.2ರದ್ದಾಗಿದ್ದುದರಿಂದ ಅದು ವಿಫಲವಾಗುತ್ತಲೇ ಇದ್ದುದೂ, ಪ್ರತಿಗಳ ಉಗ್ರಾಣ ಬರಿದಾಗಿದ್ದುದೂ, ವೈಫಲ್ಯವನ್ನು ತಿಳಿಸಬೇಕಾಗಿದ್ದ ಈಮೇಲ್‌ಗಳು ಸೂಕ್ತ ಸಹಿಯಿಲ್ಲದೆ ತಿರಸ್ಕೃತವಾಗಿದ್ದುದೂ ಒಂದೊಂದಾಗಿ ಹೊರಬಿದ್ದವು. ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ಸಂಸ್ಥೆ ಉಳಿಯಿತು. ಈ ವೃತ್ತಾಂತವನ್ನೆಲ್ಲ ಅವರು ಮುಚ್ಚಿಡದೆ ಪ್ರಕಟಿಸಿದ್ದು ಮಹದುಪಕಾರ.

ಅಲ್ಲಿ ಇಲ್ಲದಿದ್ದುದು ಮರಳಿ ಪಡೆಯುವ ಅಭ್ಯಾಸ. ರೀಸ್ಟೋರ್ ಎಂದು ಕರೆಯುವ ಆ ಕೆಲಸ ಮೂರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬೇರೊಂದು ಖಾಲಿ ಕಂಪ್ಯೂಟರಿನಲ್ಲಿ ನ್ಯಾಸಿನ ಪ್ರತಿಯಿಂದಲೇ ಜಾಲತಾಣವನ್ನು ಎಬ್ಬಿಸಿ, ನಿನ್ನೆ ಪ್ರಕಟವಾದ ಲೇಖನ ಅದರಲ್ಲಿದೆಯೇ, ಚಿತ್ರಗಳು ತೆರೆಯುತ್ತವೆಯೇ, ಸದಸ್ಯರು ಲಾಗಿನ್ ಆಗಬಲ್ಲರೇ ಎಂದು ನೋಡಬೇಕು. ಹಿಡಿದ ಸಮಯವನ್ನು ಬರೆದಿಡಬೇಕು. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ 50 ಗಿಗಾಬೈಟುಗಳು ಹಿಂದಿರುಗಲು ಒಂದು ಗಂಟೆಗೂ ಹೆಚ್ಚು ಕಾಲ ಬೇಕು. ಸಂಪರ್ಕ 20 ಮೆಗಾಬಿಟ್ಟಿನದಾದರೆ ಐದೂವರೆ ಗಂಟೆ. ಈ ಲೆಕ್ಕ ಮೊದಲೇ ತಿಳಿದಿದ್ದರೆ, ತಾಣ ಎಷ್ಟು ಹೊತ್ತಿಗೆ ಏಳುವುದೆಂದು ಓದುಗರಿಗೂ ಗ್ರಾಹಕರಿಗೂ ಸತ್ಯವಾದ ಉತ್ತರ ಕೊಡಬಹುದು. ಹಾಗೆ ಎಬ್ಬಿಸುವ ಕ್ರಮವನ್ನೂ, ಪ್ರತಿಗಳಿಗೆ ಬೀಗ ಹಾಕಿರುವ ಗುಪ್ತಪದವನ್ನೂ ಕಾಗದದ ಮೇಲೆ ಬರೆದು, ಸರ್ವರನ್ನು ನೋಡಿಕೊಳ್ಳುವವರಲ್ಲದೆ ಮತ್ತೊಬ್ಬರ ವಶದಲ್ಲಿಯೂ ಭದ್ರವಾಗಿ ಇರಿಸತಕ್ಕದ್ದು. ಮುಂದಿನ ಸಲದ ಅಭ್ಯಾಸವನ್ನು ಆ ಮತ್ತೊಬ್ಬರೇ, ಕಾಗದವೊಂದನ್ನೇ ನೋಡಿಕೊಂಡು, ಮೊದಲಿನಿಂದ ಕೊನೆಯವರೆಗೆ ಮಾಡಲಿ.